ಒದ್ದೆ ಈಡು

ಚರ್ಚಿನ ನೆಲಮಾಳಿಗೆಯ ಬೀಗದ ಕೈ ನನ್ನ ಬಳಿ.
ಹೀಟರ್ ಹಚ್ಚುವುದು, ಉಕ್ಕಿನ ತಡೆಯ ಕೆಳಗೆ ಬಿದ್ದ ಸೀಸ ಗುಡಿಸುವುದು,
ಮಂಗಳವಾರ ಸಂಜೆ ಕಾಫಿ ಕಾಸುವುದು ನನ್ನ ಪಾಲು.
ಹೊರಗೆ ಮಿನ್ನೆಸೋಟದ ಜನವರಿ, ಸೊನ್ನೆಗಿಂತ ಮೂವತ್ತು ಕೆಳಗೆ.
ಒಳಗೆ ಐವತ್ತು ಅಡಿ ದೂರ, ಐದು ಸಾಲು, ಐದು ದೀಪ,
ಕಾಗದದ ಮೇಲೆ ಕಾಳುಮೆಣಸಿನಷ್ಟು ಕಪ್ಪು.

ಮೊದಲೆಲ್ಲ ಒಬ್ಬೊಬ್ಬರಿಗೆ ನೂರು ಈಡು.
ಆಮೇಲೆ ನಲವತ್ತು.
ಈ ಚಳಿಗಾಲ ಹತ್ತು; ಎಣಿಸಿ, ಅಂಗೈಗೆ,
ಮಕ್ಕಳಿಗೆ ಒಣದ್ರಾಕ್ಷಿ ಕೊಟ್ಟ ಹಾಗೆ.

ಗ್ಲಾಸಿನ ಗುಂಡಿಗಿಂತ ಕೋವಿಯ ಗುಂಡು ತುಟ್ಟಿಯಾದ ವರ್ಷ.
ಐವತ್ತರ ಡಬ್ಬಿ ಮೂರು ಡಾಲರ್ ಇದ್ದದ್ದು
ಹನ್ನೊಂದಕ್ಕೆ ಏರಿತು, ಏರಿದ ಮೇಲೆ ಸಿಗುವುದೂ ನಿಂತಿತು.
ಹಾರ್ಡ್‌ವೇರ್ ಅಂಗಡಿಯ ಕಪಾಟಿನಲ್ಲಿ
ಬೆಲೆ ಚೀಟಿ ಮಾತ್ರ ನೇತಾಡುತ್ತದೆ. ಲಾರಿ ಬರುವ ಗುರುವಾರ
ನಸುಕಿಗೇ ಸಾಲು, ಮೂಗಿನ ಹನಿ ಹೆಪ್ಪುಗಟ್ಟಿ,
ತಲೆಗೆ ಒಂದೇ ಡಬ್ಬಿ.
ರೇನೊ ಹೆಂಡತಿಯನ್ನೂ ಅತ್ತೆಯನ್ನೂ ತಂದು ನಿಲ್ಲಿಸಿದ;
ಅತ್ತೆ ತನ್ನ ಡಬ್ಬಿಯನ್ನು ಅವನಿಗೇ ಹದಿನೈದಕ್ಕೆ ಮಾರಿದಳು.

ಜಿಂಕೆ ಬೇಟೆಯ ದೊಡ್ಡ ಕೋವಿಯವರು ಪುಣ್ಯವಂತರು.
ಉದುರಿದ ಹಿತ್ತಾಳೆಯನ್ನು ಅಣಬೆ ಆರಿಸಿದಂತೆ ಬಗ್ಗಿ ಆರಿಸಿ,
ಮನೆಗೊಯ್ದು, ತೊಳೆದು, ಮದ್ದು ತುಂಬಿ ಮತ್ತೆ ಹುಟ್ಟಿಸುತ್ತಾರೆ.
ನಮ್ಮ ಪಾಯಿಂಟ್ ಟೂಟೂಗೆ ಪುನರ್ಜನ್ಮವಿಲ್ಲ.
ಅಂಚು ಒಮ್ಮೆ ಜಜ್ಜಿತೋ, ಗುಡಿಸಿ ಗುಜರಿಗೆ.
ಒಬ್ಬಿಬ್ಬರು ಗಾಳಿಕೋವಿಗೆ ಇಳಿದರು,
ಗ್ಯಾರೇಜಿನ ಬಾಗಿಲು ಹಾಕಿಕೊಂಡು, ಹುಡುಗರಂತೆ ನಾಚಿ.

ತ್ಯೂನೆ ಖಾಲಿ ಕೋವಿ ಹಿಡಿದಳು.
ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಆಲೂಗಡ್ಡೆ ಹಿಸುಕಿದ ಕೈ.
ಮೊಳೆಗೆಂದು ಗೋಡೆಗೆ ತುರುಕುವ ಹಳದಿ ಪ್ಲಾಸ್ಟಿಕ್ಕು
ತೋಟಾದ ಜಾಗದಲ್ಲಿ;
ನಳಿಗೆಯ ತುದಿಗೆ ಹತ್ತು ಸೆಂಟಿನ ನಾಣ್ಯ ಮಲಗಿಸಿ,
ಟಿಕ್.
ನಾಣ್ಯ ಬೀಳಬಾರದು. ಅಷ್ಟೇ ಆಟ.
ದಿನಾ ರಾತ್ರಿ ಐವತ್ತು ಸಲ, ಗಡಿಯಾರದ ಕೆಳಗೆ.
ಗಂಡ ಟೀವಿಯ ಸದ್ದು ಏರಿಸುತ್ತಾ ಹೋದ.

ಆರ್ವಿಡ್ ಸ್ಕೋಗ್ಲುಂಡನ ಮನೆಯಡಿಯಲ್ಲಿ
ನಲವತ್ತು ಸಾವಿರ ಇದೆಯೆಂದು ಊರಿಗೇ ಗೊತ್ತು,
ಊರಿಗೆ ಗೊತ್ತೆಂದು ಅವನಿಗೂ ಗೊತ್ತು.
ಆದರೂ ಬಂದು ಅಂಗೈ ಒಡ್ಡಿ ಹತ್ತೇ ಎಣಿಸಿಕೊಳ್ಳುತ್ತಿದ್ದ.
ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿಟ್ಟು
ಸಪ್ಪೆ ಅನ್ನ ಉಂಡೇಳುವವನು.
ಕೇಳಿದರೆ, "ಮುಂದೆ ಎಂಥ ಕಾಲವೋ."

ಏಪ್ರಿಲ್. ಹಿಮ ಒಮ್ಮೆಗೇ ಕರಗಿತು, ಅವನ ಪಂಪು ಕೈಕೊಟ್ಟಿತು.
ರಾತ್ರಿ ಹನ್ನೊಂದಕ್ಕೆ ಫೋನು. ಮಾತಿಲ್ಲ, ಬರೀ ಉಸಿರು.
ಆಮೇಲೆ, "ಟವೆಲು ಇದ್ದರೆ ತನ್ನಿ."

ಬೆಳಗಿನವರೆಗೆ ಚರ್ಚಿನ ಊಟದ ಮೇಜುಗಳ ಮೇಲೆ
ಒಂದೊಂದನ್ನೇ ಒರೆಸಿದೆವು; ಪಾಸ್ಟರ್ ಕೂಡ, ತೋಳು ಮಡಚಿ.
ರಟ್ಟಿನ ಡಬ್ಬಿಗಳು ಗಂಜಿಯಾಗಿದ್ದವು.
ಹಳೆಯ ಬೆಲೆಗಳು ಬೆರಳಿಗೆ ಅಂಟಿದವು: ಒಂದು ಡಾಲರ್ ಹತ್ತೊಂಬತ್ತು,
ಎಂಬತ್ತೊಂಬತ್ತು ಸೆಂಟು, ಯಾವತ್ತೋ ಮುಚ್ಚಿದ ಅಂಗಡಿಗಳ ಹೆಸರು.
ಆರ್ವಿಡ್ ಎಣಿಸಲಿಲ್ಲ.
ಯಾವುದು ಸತ್ತಿದೆ, ಯಾವುದು ಬದುಕಿದೆ, ಹೊಡೆಯದೆ ತಿಳಿಯದು.
"ಇನ್ನು ಇಟ್ಟರೆ ಕೆಟ್ಟಿತು," ಅಂದ, "ಹೊಡೆದು ಮುಗಿಸೋಣ."

ಆ ಮಂಗಳವಾರ ಮೊದಲಿನ ಹಾಗೆ ನೂರು ನೂರು.
ಡಪ್, ಡಪ್, ಡಪ್, ಟಿಕ್.
ಹಾರದಿದ್ದರೆ ಮೂವತ್ತು ಎಣಿಸಬೇಕು, ನಳಿಗೆ ಗುರಿಯತ್ತಲೇ.
ತ್ಯೂನೆಯದು ಟಿಕ್ ಅಂದಾಗ ಏನೂ ಕದಲಲಿಲ್ಲ;
ಅವಳಿಗೆ ಅದು ಅಡುಗೆಮನೆ.
ಮೂರನೇ ಸಾಲಿನಲ್ಲಿ ಆರ್ವಿಡ್‌ನದು ಟಿಕ್ ಅಂದಿತು.
ಬಾರದ ಹೊಡೆತಕ್ಕೆ ಬೆಚ್ಚಿ
ನಳಿಗೆ ಬೆರಳಗಲ ಕೆಳಗೆ ಬಾಗಿತು.
ನೋಡಿದೆವು. ನಾವು ನೋಡಿದ್ದನ್ನು ಅವನೂ ನೋಡಿದ.
ನಲವತ್ತು ವರ್ಷ ಹೀಗೇ ಬಾಗುತ್ತಿತ್ತೇನೋ, ಸದ್ದಿನ ಮರೆಯಲ್ಲಿ.

ನಾನು ನಿಯಮದಂತೆ ಜೋರಾಗಿ ಮೂವತ್ತು ಎಣಿಸಿದೆ.
ಇಪ್ಪತ್ತಾರಕ್ಕೆ ತ್ಯೂನೆ
ಚಿಲ್ಲರೆಗೆ ಜೇಬು ತಡಕುತ್ತಿದ್ದಳು.